ಹಳೇ ಶೈಲಿಯ ಸ್ಟೇಕ್‌ಹೌಸಿನಲ್ಲಿ ಊಟ: ಯಾವ ಜಾಗ, ಯಾವ ತುಂಡು, ಎಷ್ಟು ಬೇಯಿಸಿದ್ದು?

ಸ್ಟೇಕ್‌ಹೌಸಿಗೆ, ಅಂದರೆ ದನದ ಮಾಂಸದ ದಪ್ಪ ತುಂಡನ್ನು (ಸ್ಟೇಕ್) ಸುಟ್ಟು ಬಡಿಸುವ ಹೋಟೆಲಿಗೆ, ಹೋಗುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ನಿಮಗೆ ಮೆತ್ತಗಿರುವ ಮಾಂಸ ಬೇಕೋ, ಗಾಢ ರುಚಿಯ ಮಾಂಸ ಬೇಕೋ? ಎರಡೂ ಬೇಕು ಅಂತಲೇ ಎಲ್ಲರೂ ಹೇಳುವುದು. ಆದರೆ ದನದ ಮೈಯಲ್ಲಿ ಈ ಎರಡು ಗುಣಗಳು ಒಂದೇ ಕಡೆ ಸಿಗುವುದು ಕಡಿಮೆ. ಜಾಸ್ತಿ ದುಡಿಯುವ ಸ್ನಾಯುವಿಗೆ ರುಚಿ ಜಾಸ್ತಿ, ಅದನ್ನು ಜಗಿಯುವ ಕೆಲಸವೂ ಜಾಸ್ತಿ. ಅಷ್ಟಾಗಿ ದುಡಿಯದ ಸ್ನಾಯು ಬೆಣ್ಣೆಯ ಹಾಗೆ ಕತ್ತರಿಸಲು ಬರುತ್ತದೆ, ರುಚಿ ಮಾತ್ರ ಸಪ್ಪೆ. ಮೆನುವಿನಲ್ಲಿರುವ ಪ್ರತಿಯೊಂದು ತುಂಡೂ ಈ ಎರಡರ ನಡುವೆ ಎಲ್ಲೋ ಒಂದು ಕಡೆ ಇರುತ್ತದೆ. ನೀವು ಯಾವ ಕಡೆಯವರು ಅಂತ ಗೊತ್ತಾದರೆ ಜಾಗ, ತುಂಡು, ಬೇಯಿಸುವ ಹದ ಎಲ್ಲವನ್ನೂ ಅದರ ಮೇಲೆ ತೀರ್ಮಾನ ಮಾಡಬಹುದು. ಅದನ್ನು ಬಿಟ್ಟು ಹೆಸರು, ಬೆಲೆ, ಫೋಟೋ ನೋಡಿ ಹೋದವರು ಎಷ್ಟೋ ಸಲ ಒಳ್ಳೆಯ ಜಾಗದಲ್ಲೇ ತಮಗೆ ಒಗ್ಗದ ತುಂಡನ್ನು ತಿಂದು ಬರುತ್ತಾರೆ.

ಒಂದು ಮಾತು ಮೊದಲೇ ಹೇಳುತ್ತೇನೆ. ನಾನು ರುಚಿಯ ಕಡೆಯವನು. ಸ್ವಲ್ಪ ಜಗಿಯಬೇಕಾದರೂ ಪರವಾಗಿಲ್ಲ, ಮಾಂಸಕ್ಕೆ ಮಾಂಸದ ರುಚಿ ಇರಬೇಕು. ಮುಂದೆ ಓದುವಾಗ ಇದು ನೆನಪಿರಲಿ, ಯಾಕೆಂದರೆ ನನ್ನ ಸಲಹೆಗಳು ಆ ಕಡೆಗೇ ವಾಲುತ್ತವೆ.

ಯಾವ ಬಗೆಯ ಜಾಗ

ನಗರದ ನಡುವಿನ ಹಳೇ ಸ್ಟೇಕ್‌ಹೌಸ್ ಅಂದ ತಕ್ಷಣ ಹೆಚ್ಚಿನವರ ಕಣ್ಣಿಗೆ ಬರುವುದು ಅಮೆರಿಕದ ಮಾದರಿ. ಕಪ್ಪು ಮರದ ಗೋಡೆ, ಬಿಳಿ ಮೇಜುಬಟ್ಟೆ, ಚರ್ಮದ ಸೀಟು, ವರ್ಷಗಟ್ಟಲೆ ಅಲ್ಲೇ ಕೆಲಸ ಮಾಡಿದ ವೇಟರ್‌ಗಳು. ನ್ಯೂಯಾರ್ಕಿನ ಓಲ್ಡ್ ಹೋಮ್‌ಸ್ಟೆಡ್ 1868ರದ್ದು. ಹೆರಾಲ್ಡ್ ಸ್ಕ್ವೇರ್ ಹತ್ತಿರದ ಕೀನ್ಸ್ 1885ರಲ್ಲಿ ಶುರುವಾದದ್ದು. ಅದರ ಚಾವಣಿಯ ತುಂಬಾ ಹಳೇ ಗಿರಾಕಿಗಳ ಮಣ್ಣಿನ ಪೈಪುಗಳನ್ನು ಜೋಡಿಸಿಟ್ಟಿದ್ದಾರೆ. ಅಲ್ಲಿ ಸ್ಟೇಕಿನಷ್ಟೇ ಹೆಸರು ಮಾಡಿರುವುದು ಮಟನ್ ಚಾಪ್. ಈ ಮಾದರಿಯ ಜಾಗಗಳಲ್ಲಿ ತಟ್ಟೆಗೆ ಬರುವುದು ಮಾಂಸ ಮಾತ್ರ. ಆಲೂಗಡ್ಡೆ, ಪಾಲಕ್, ಸಲಾಡ್ ಎಲ್ಲಕ್ಕೂ ಬೇರೆ ಆರ್ಡರ್, ಬೇರೆ ಬೆಲೆ. ತುಂಡುಗಳು ದೊಡ್ಡವು, ಉರಿ ಜೋರು, ಹೊರಗಿನ ಪದರ ಕಪ್ಪಗೆ ಗರಿಗರಿ. ನಾಲ್ಕೈದು ಜನ ಸೇರಿ ಗಲಾಟೆ ಮಾಡಿಕೊಂಡು ತಿನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಬ್ಬರೇ ಹೋದರೆ ಮೇಜಿಗಿಂತ ಬಾರ್ ಕೌಂಟರಿನಲ್ಲಿ ಕೂರುವುದು ಒಳ್ಳೆಯದು. ಕೆಲವು ಕಡೆ ಅಲ್ಲಿ ಚಿಕ್ಕ ಮೆನುವೂ ಇರುತ್ತದೆ.

ಅರ್ಜೆಂಟೀನಾದ ಪರೀಲ್ಲಾ ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಕಬ್ಬಿಣದ ಸರಳುಗಳ ಕೆಳಗೆ ಕೆಂಡ, ಅದರ ಮೇಲೆ ಮಾಂಸ, ಆತುರವೇ ಇಲ್ಲ. ಉಪ್ಪು ಬಿಟ್ಟರೆ ಹೆಚ್ಚೇನೂ ಹಾಕುವುದಿಲ್ಲ. ಮೊದಲು ಸಾಸೇಜು, ಒಳಾಂಗಗಳು, ಕೆಂಡದ ಮೇಲೆ ಕರಗಿಸಿದ ಪ್ರೊವೊಲೆಟಾ ಚೀಸ್ ಬರುತ್ತವೆ, ಆಮೇಲೆ ದೊಡ್ಡ ತುಂಡುಗಳು. ಅಮೆರಿಕದ ಮಾದರಿಯಲ್ಲಿ ಸ್ಟೇಕ್ ಒಂದೇ ನಾಯಕ, ಇಲ್ಲಿ ಇಡೀ ಊಟವೇ ಮುಖ್ಯ. ರುಚಿಯ ಕಡೆಯವರಿಗೆ, ಅದರಲ್ಲೂ ಬೇರೆ ಬೇರೆ ಭಾಗಗಳನ್ನು ಸ್ವಲ್ಪ ಸ್ವಲ್ಪ ತಿಂದು ನೋಡುವ ಆಸೆ ಇದ್ದವರಿಗೆ, ನಾನು ಕಣ್ಣು ಮುಚ್ಚಿ ಹೇಳುವುದು ಪರೀಲ್ಲಾ. ಒಂದೇ ಎಚ್ಚರಿಕೆ, ಸಮಯ ಇಟ್ಟುಕೊಂಡು ಹೋಗಿ. ಒಂದು ಗಂಟೆಯಲ್ಲಿ ಎದ್ದು ಬರುವ ಊಟ ಅಲ್ಲ ಅದು.

ಇಟಲಿಯ ಫ್ಲಾರೆನ್ಸಿನ ಬಿಸ್ಟೆಕ್ಕಾ, ಅಂದರೆ ಅಲ್ಲಿನ ಸ್ಟೇಕ್, ಇನ್ನೊಂದು ತುದಿ. ಆಯ್ಕೆಯೇ ಇಲ್ಲ ಅನ್ನಬಹುದು. ಮೂಳೆ ಸಮೇತ ದಪ್ಪಗೆ ಕತ್ತರಿಸಿದ ಟಿ-ಬೋನ್, ಸಾಂಪ್ರದಾಯಿಕವಾಗಿ ಕಿಯಾನೀನಾ ತಳಿಯ ದನದ್ದು. ಒಂದು ತುಂಡೇ ಒಂದು ಕಿಲೋ ದಾಟುತ್ತದೆ, ಲೆಕ್ಕ ತೂಕದ ಮೇಲೆ. ಒಳಗೆ ಕೆಂಪಗೇ ಇರುತ್ತದೆ. ಪೂರ್ತಿ ಬೇಯಿಸಿ ಕೊಡಿ ಅಂದರೆ ಎಷ್ಟೋ ಕಡೆ ಆಗುವುದಿಲ್ಲ ಅಂತ ನೇರವಾಗಿ ಹೇಳುತ್ತಾರೆ. ಕೆಂಪು ಮಾಂಸ ಇಷ್ಟವಿರುವ ಇಬ್ಬರು ಮೂವರು ಒಟ್ಟಿಗೆ ಇದ್ದರೆ ಮಾತ್ರ ಹೋಗಿ. ಜೊತೆಯಲ್ಲಿ ಒಬ್ಬರಿಗೆ ಚೆನ್ನಾಗಿ ಬೆಂದದ್ದೇ ಬೇಕು ಅಂದರೆ ಬೇರೆ ಕಡೆ ನೋಡಿ. ಒಬ್ಬರೇ ಹೋಗುವುದಂತೂ ಬೇಡ.

ಸ್ಪೇನಿನ ಬಾಸ್ಕ್ ಪ್ರದೇಶದ ಮಾದರಿ ಗೊತ್ತಿರುವವರು ಕಡಿಮೆ, ಅದೇ ನನಗೆ ಬೇಜಾರು. ಬೇರೆ ಕಡೆ ಎಳೆಯ ದನಕ್ಕೆ ಬೆಲೆ, ಇಲ್ಲಿ ವಯಸ್ಸಾದ ಹಸುವಿನ ಮಾಂಸಕ್ಕೆ ಮರ್ಯಾದೆ. ಹಸು ಬೆಳೆದಷ್ಟೂ ಮಾಂಸದ ಬಣ್ಣ ಗಾಢವಾಗುತ್ತದೆ, ಕೊಬ್ಬು ಹಳದಿಗೆ ತಿರುಗುತ್ತದೆ, ರುಚಿ ಆಳವಾಗುತ್ತದೆ. ಮೂಳೆ ಸಮೇತ ಕೆಂಡದ ಮೇಲೆ ಸುಟ್ಟು, ಕತ್ತರಿಸಿ, ದಪ್ಪ ಉಪ್ಪು ಉದುರಿಸಿ ತಂದಿಡುತ್ತಾರೆ. ಇದನ್ನು ಚುಲೆಟಾ ಅನ್ನುತ್ತಾರೆ. ಮೆತ್ತಗಿರಬೇಕು ಅನ್ನುವವರಿಗೆ ಇದು ಹಿಡಿಸದೇ ಹೋಗಬಹುದು. ರುಚಿಯ ಕಡೆಯವರು ಒಮ್ಮೆಯಾದರೂ ತಿನ್ನಬೇಕು.

ಇನ್ನು ಉಳಿದವು. ಬ್ರೆಜಿಲಿನ ರೊಡೀಜಿಯೊದಲ್ಲಿ ಬೆಲೆ ಒಂದೇ, ಕತ್ತಿಗೆ ಚುಚ್ಚಿದ ಮಾಂಸ ಮೇಜಿಗೇ ಬರುತ್ತಿರುತ್ತದೆ, ಸಾಕು ಅನ್ನುವವರೆಗೂ ನಿಲ್ಲುವುದಿಲ್ಲ. ಹಸಿವು ಜೋರಾಗಿರುವ ಗುಂಪಿಗೆ ಸರಿ. ಅಲ್ಲಿ ಪಿಕಾನ್ಯಾ ಬರುವವರೆಗೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ, ಕೊಬ್ಬಿನ ಟೋಪಿ ಹೊತ್ತ ಆ ತುಂಡೇ ಅಲ್ಲಿನ ಹೆಮ್ಮೆ. ಪ್ಯಾರಿಸಿನಲ್ಲಿ 1959ರಲ್ಲಿ ಶುರುವಾದ ಲ ರೆಲೆ ದ ವೆನೀಸ್ ಥರದ ಜಾಗಗಳಲ್ಲಿ ಮುಖ್ಯ ಊಟಕ್ಕೆ ಮೆನುವೇ ಇಲ್ಲ. ಸಲಾಡ್, ಸಾಸ್ ಹಾಕಿದ ಸ್ಟೇಕ್, ಫ್ರೈಸ್, ಅಷ್ಟೇ. ನಿಮ್ಮನ್ನು ಕೇಳುವುದು ಎಷ್ಟು ಬೇಯಿಸಬೇಕು ಅಂತ ಮಾತ್ರ. ಆರಿಸಿ ಆರಿಸಿ ಸುಸ್ತಾದವರಿಗೆ ಇದೊಂದು ನೆಮ್ಮದಿ. ಜಪಾನಿನ ತೆಪ್ಪನ್‌ಯಾಕಿಯಲ್ಲಿ ಕಾದ ಕಬ್ಬಿಣದ ಹಲಗೆಯ ಮೇಲೆ ಕಣ್ಣೆದುರೇ ಬೇಯಿಸಿ ಕೊಡುತ್ತಾರೆ, ತುಂಡು ಚಿಕ್ಕದು, ಕೊಬ್ಬು ಅಪಾರ. ಮೆತ್ತಗಿರುವುದೇ ಬೇಕು ಅನ್ನುವವರ ಸ್ವರ್ಗ ಅದು.

ಉರಿ ಮತ್ತು ಮಾಗಿಸುವಿಕೆ

ಎರಡು ಜಾಗಗಳ ನಡುವೆ ತೂಗುತ್ತಿದ್ದೀರಿ, ಎರಡೂ ಒಂದೇ ಮಾದರಿ, ಬೆಲೆಯೂ ಹೆಚ್ಚು ಕಡಿಮೆ ಒಂದೇ ಅಂದುಕೊಳ್ಳಿ. ಆಗ ಫೋನ್ ಮಾಡಿ ಎರಡು ವಿಷಯ ಕೇಳಿ. ಯಾವ ಉರಿಯಲ್ಲಿ ಬೇಯಿಸುತ್ತೀರಿ? ಮಾಂಸವನ್ನು ಹೇಗೆ, ಎಷ್ಟು ದಿನ ಮಾಗಿಸುತ್ತೀರಿ? ಒಳ್ಳೆಯ ಜಾಗದವರು ಈ ಎರಡಕ್ಕೂ ಖುಷಿಯಿಂದ ಉತ್ತರ ಕೊಡುತ್ತಾರೆ, ಒಮ್ಮೊಮ್ಮೆ ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳುತ್ತಾರೆ. ತಡವರಿಸಿದರೆ ಇನ್ನೊಂದು ಜಾಗಕ್ಕೆ ಹೋಗಿ.

ಉರಿಯಲ್ಲಿ ಮುಖ್ಯವಾಗಿ ಮೂರು ಬಗೆ. ಕೆಂಡ ಅಥವಾ ಸೌದೆಯ ಮೇಲೆ ಸುಟ್ಟಾಗ ಕೊಬ್ಬು ಕೆಳಗೆ ತೊಟ್ಟಿಕ್ಕಿ ಹೊಗೆ ಏಳುತ್ತದೆ, ಆ ಹೊಗೆಯ ವಾಸನೆ ಮಾಂಸಕ್ಕೆ ಹತ್ತುತ್ತದೆ. ಅಮೆರಿಕದ ಹಳೇ ಜಾಗಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರಾಯ್ಲರ್, ಅಂದರೆ ಮೇಲಿನಿಂದ ಬೀಳುವ ಭಾರಿ ಶಾಖ. ಇಲ್ಲಿ ಹೊಗೆಯ ರುಚಿ ಕಡಿಮೆ, ಹೊರಪದರ ಮಾತ್ರ ಬೇಗ ಗರಿಗಟ್ಟುತ್ತದೆ, ಒಳಭಾಗ ಹಾಗೇ ಕೆಂಪಗೆ ಉಳಿಯುತ್ತದೆ. ಮೂರನೆಯದು ದಪ್ಪ ಕಬ್ಬಿಣದ ಬಾಣಲೆ, ಅದರಲ್ಲಿ ಬೆಣ್ಣೆ ಸುರಿದು ಸುರಿದು ಬೇಯಿಸುವುದು. ಕೊಬ್ಬು ಕಡಿಮೆ ಇರುವ ತುಂಡಿಗೆ ಇದು ಹೇಳಿ ಮಾಡಿಸಿದ್ದು. ಯಾವುದೇ ಉರಿ ಇರಲಿ, ಆ ಕಂದು ಪದರದ ರುಚಿ ಹುಟ್ಟುವುದು ಪ್ರೋಟೀನಿನ ಅಂಶಗಳೂ ಸಕ್ಕರೆಯ ಅಂಶಗಳೂ ಶಾಖದಲ್ಲಿ ಬೆರೆತಾಗ. ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಮೇಲ್ಮೈ ಒದ್ದೆಯಾಗಿದ್ದರೆ ಶಾಖವೆಲ್ಲ ನೀರು ಆವಿಯಾಗುವುದಕ್ಕೇ ಹೋಗುತ್ತದೆ, ಪದರ ಸರಿಯಾಗಿ ಕಟ್ಟುವುದಿಲ್ಲ. ಹಾಗಾಗಿ ಸ್ಟೇಕ್ ಬೂದು ಬಣ್ಣದಲ್ಲಿ ಬಂದರೆ ಅಡುಗೆಮನೆಯಲ್ಲಿ ಏನೋ ಆತುರ ನಡೆದಿದೆ ಅಂತಲೇ ಅರ್ಥ.

ಮಾಗಿಸುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೇ ಜಾಗಗಳಿಗೂ ಉಳಿದವಕ್ಕೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಡ್ರೈ ಏಜಿಂಗ್ ಅಂದರೆ ಮಾಂಸದ ದೊಡ್ಡ ಭಾಗವನ್ನು ಮೂಳೆ, ಕೊಬ್ಬಿನ ಸಮೇತ, ಸೊನ್ನೆಗಿಂತ ಸ್ವಲ್ಪ ಮೇಲಿನ ಉಷ್ಣತೆಯಲ್ಲಿ, ಗಾಳಿ ಆಡುವ ಕೋಣೆಯಲ್ಲಿ ವಾರಗಟ್ಟಲೆ ಇಡುವುದು. ಮಾಂಸದಲ್ಲೇ ಇರುವ ಕಿಣ್ವಗಳು ನಾರುಗಳನ್ನು ನಿಧಾನವಾಗಿ ಬಿಡಿಸುತ್ತವೆ, ಹಾಗಾಗಿ ಮೆತ್ತಗಾಗುತ್ತದೆ. ಜೊತೆಗೆ ನೀರು ಆರಿಹೋಗುತ್ತದೆ, ಹಾಗಾಗಿ ರುಚಿ ಗಟ್ಟಿಯಾಗುತ್ತದೆ. ಬೀಜಗಳ, ಹಳೇ ಚೀಸಿನ ಥರದ ಒಂದು ವಾಸನೆಯೂ ಸೇರುತ್ತದೆ. ಹೊರಗಿನ ಒಣ ಪದರವನ್ನು ಕತ್ತರಿಸಿ ಎಸೆಯಬೇಕು. ಅಂದರೆ ತೂಕ ಹೋಯಿತು, ಕೋಣೆಯ ಖರ್ಚು ಬಂತು, ಬೆಲೆ ಏರಿತು. ವೆಟ್ ಏಜಿಂಗ್‌ನಲ್ಲಿ ಮಾಂಸವನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತಾರೆ. ಕಿಣ್ವಗಳು ಅಲ್ಲೂ ಕೆಲಸ ಮಾಡುತ್ತವೆ, ಮೆತ್ತಗಾಗುತ್ತದೆ. ಆದರೆ ನೀರು ಆರುವುದಿಲ್ಲ, ಆ ವಾಸನೆಯೂ ಬರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ರಿಬ್‌ಐ ಅಥವಾ ಸ್ಟ್ರಿಪ್ ತಿನ್ನುವುದಾದರೆ (ತುಂಡುಗಳ ಹೆಸರನ್ನು ಮುಂದಿನ ಭಾಗದಲ್ಲಿ ಬಿಡಿಸಿ ಹೇಳಿದ್ದೇನೆ) ಡ್ರೈ ಏಜಿಂಗ್‌ಗೆ ಜಾಸ್ತಿ ಕೊಡುವುದು ಸಾರ್ಥಕ. ಮೊದಲ ಸಲವಾದರೆ 28ರಿಂದ 35 ದಿನದ್ದು ಸಾಕು. ಅದಕ್ಕಿಂತ ತುಂಬಾ ಮುಂದೆ ಹೋದರೆ, 60 ದಿನ, 90 ದಿನ, ವಾಸನೆ ಜೋರಾಗುತ್ತಾ ಹೋಗುತ್ತದೆ, ಅದು ಎಲ್ಲರಿಗೂ ಹಿಡಿಸುವುದಿಲ್ಲ. ದಿನ ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ಮೆನು ಬರೆದವರು ತೋರಿಸಿಕೊಳ್ಳಬಹುದು, ನಿಮ್ಮ ನಾಲಿಗೆ ಒಪ್ಪಬೇಕು ಅಂತೇನಿಲ್ಲ. ಫಿಲೆ ತಿನ್ನುವುದಾದರೆ ಡ್ರೈ ಏಜಿಂಗ್ ಬೇಕಾಗಿಲ್ಲ. ಅದು ಮೊದಲೇ ಮೆತ್ತಗಿದೆ, ಸುತ್ತ ಕೊಬ್ಬಿನ ರಕ್ಷಣೆ ಇಲ್ಲದೆ ಸುಮ್ನೆ ಒಣಗುತ್ತದೆ.

ದರ್ಜೆಗಳ ಬಗ್ಗೆ ಚುಟುಕಾಗಿ. ಅಮೆರಿಕದಲ್ಲಿ ಪ್ರೈಮ್ ಎಲ್ಲಕ್ಕಿಂತ ಮೇಲಿನದು, ಅದರ ಕೆಳಗೆ ಚಾಯ್ಸ್, ಆಮೇಲೆ ಸೆಲೆಕ್ಟ್. ದರ್ಜೆ ಕೊಡುವಾಗ ಮುಖ್ಯವಾಗಿ ನೋಡುವುದು ಮಾಂಸದೊಳಗೆ ಹರಡಿದ ಕೊಬ್ಬಿನ ಗೆರೆಗಳನ್ನು ಮತ್ತು ದನದ ವಯಸ್ಸನ್ನು. ಜಪಾನಿನ ಎ5 ಅನ್ನುವ ದರ್ಜೆಯಲ್ಲಿ ಅಕ್ಷರ ಹೇಳುವುದು ಒಂದು ದನದಿಂದ ಎಷ್ಟು ಮಾಂಸ ಸಿಕ್ಕಿತು ಅನ್ನುವುದನ್ನು, ತಿನ್ನುವವರಿಗೆ ಬೇಕಾದ ಗುಣಮಟ್ಟ ಇರುವುದು ಅಂಕಿಯಲ್ಲಿ. ವಾಗ್ಯು ಅಂದರೆ ಜಪಾನಿನ ದನದ ತಳಿಗಳು, ಆದರೆ ಮೆನುವಿನಲ್ಲಿ ಹಾಗೆ ಬರೆದ ಮಾತ್ರಕ್ಕೆ ಮಾಂಸ ಜಪಾನಿನದೇ ಆಗಿರಬೇಕಿಲ್ಲ, ಆಸ್ಟ್ರೇಲಿಯಾದಲ್ಲೂ ಅಮೆರಿಕದಲ್ಲೂ ಮಿಶ್ರ ತಳಿಗಳನ್ನು ಸಾಕುತ್ತಾರೆ. ಕೋಬೆ ಅನ್ನಬೇಕಾದರೆ ಹ್ಯೋಗೊ ಪ್ರಾಂತ್ಯದ ತಾಜಿಮಾ ವಂಶದ ದನವೇ ಆಗಿರಬೇಕು. ಎಲ್ಲಿಯದು ಅಂತ ಕೇಳಿ, ಇದರಲ್ಲಿ ಸಂಕೋಚ ಬೇಡ. ಎ5 ಸಿಕ್ಕಿದರೂ ಒಬ್ಬರಿಗೆ 100 ಗ್ರಾಮ್ ಸಾಕು. ಅದರ ಕೊಬ್ಬು ಅಷ್ಟು ಭಾರ, 300 ಗ್ರಾಮ್ ಆರ್ಡರ್ ಮಾಡಿದರೆ ಅರ್ಧದಲ್ಲೇ ನಾಲಿಗೆ ಮುಷ್ಕರ ಹೂಡುತ್ತದೆ.

ಯಾವ ತುಂಡು

ಮೆತ್ತಗಿರುವ ತುದಿಯಿಂದ ಶುರು ಮಾಡೋಣ. ಫಿಲೆ, ಅಂದರೆ ಟೆಂಡರ್‌ಲಾಯಿನ್, ಬೆನ್ನುಮೂಳೆಯ ಒಳಗಡೆ ಇರುವ ಸ್ನಾಯು. ದನ ನಡೆದಾಡುವಾಗ ಅದಕ್ಕೆ ಅಂಥ ಕೆಲಸ ಇಲ್ಲ. ಅದಕ್ಕೇ ಅಷ್ಟು ಮೃದು. ಕೊಬ್ಬು ಕಡಿಮೆ, ರುಚಿ ಸೌಮ್ಯ, ಬೆಲೆ ಮೆನುವಿನಲ್ಲಿ ಮೇಲ್ಗಡೆ. ಹಲ್ಲಿನ ತೊಂದರೆ ಇರುವ ಹಿರಿಯರನ್ನು ಕರೆದುಕೊಂಡು ಹೋದಾಗ, ಕೊಬ್ಬು ಕಂಡರೆ ಆಗದವರಿಗೆ, ಚಿಕ್ಕದಾಗಿ ತಿನ್ನುವವರಿಗೆ ಇದೇ ಸರಿ. ಜೊತೆಗೆ ಒಂದು ಒಳ್ಳೆಯ ಸಾಸ್ ತೆಗೆದುಕೊಳ್ಳಿ, ಮೆಣಸಿನದ್ದೋ, ಬೆಣ್ಣೆ ಮೊಟ್ಟೆಯ ಬೆಯಾರ್ನೇಸೋ. ಸಾಸ್ ಬೇಡುವ ತುಂಡು ಅಂದರೆ ಇದೇ. ಇದರ ನಡುಭಾಗವನ್ನು ಇಬ್ಬರಿಗೆ ಆಗುವಷ್ಟು ದಪ್ಪಗೆ ಕೊಟ್ಟರೆ ಅದು ಶಾತೊಬ್ರಿಯಾಂ.

ರಿಬ್‌ಐ ಪಕ್ಕೆಲುಬಿನ ಭಾಗದ್ದು. ಕೊಬ್ಬಿನ ಗೆರೆಗಳು ಧಾರಾಳ, ನಡುವೆ ಒಂದು ಕೊಬ್ಬಿನ ಗಂಟು, ಅಂಚಿನಲ್ಲಿ ಸುತ್ತಿಕೊಂಡ ಇನ್ನೊಂದು ಸ್ನಾಯು. ಆ ಅಂಚಿನ ಪಟ್ಟಿಯನ್ನು ರಿಬ್ ಕ್ಯಾಪ್ ಅನ್ನುತ್ತಾರೆ. ಇಡೀ ದನದಲ್ಲಿ ಮೆತ್ತಗೂ ಇದ್ದು ಗಾಢ ರುಚಿಯೂ ಇರುವ ಜಾಗ ಒಂದಿದ್ದರೆ ಅದು ಇದೇ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಯಾವ ಕಡೆಯವರು ಅಂತ ಇನ್ನೂ ತೀರ್ಮಾನ ಆಗಿಲ್ಲವೇ? ರಿಬ್‌ಐ ತೆಗೆದುಕೊಳ್ಳಿ. ಕೊಬ್ಬನ್ನು ಬಿಡಿಸಿ ಪಕ್ಕಕ್ಕಿಡುವ ಅಭ್ಯಾಸ ಇದ್ದರೆ ಮಾತ್ರ ಬೇಡ, ತಟ್ಟೆಯಲ್ಲಿ ಕಾಲು ಭಾಗ ಹಾಗೇ ಉಳಿಯುತ್ತದೆ. ಇದನ್ನೇ ಉದ್ದನೆಯ ಮೂಳೆ ಸಮೇತ ಕೊಟ್ಟರೆ ಟೊಮಾಹಾಕ್. ನೋಡಲು ಭರ್ಜರಿ, ಫೋಟೋಕ್ಕೆ ಚೆನ್ನ. ಆದರೆ ಮೂಳೆಯ ತೂಕಕ್ಕೂ ನೀವೇ ದುಡ್ಡು ಕೊಡುತ್ತೀರಿ, ಆ ಉದ್ದನೆಯ ಮೂಳೆ ಮಾಂಸದ ರುಚಿಗೆ ಏನೂ ಸೇರಿಸುವುದಿಲ್ಲ. ಹುಟ್ಟುಹಬ್ಬಕ್ಕೆ ಸರಿ, ಊಟಕ್ಕೆ ಸಾಮಾನ್ಯ ರಿಬ್‌ಐ ಸಾಕು.

ಸ್ಟ್ರಿಪ್ ಅದಕ್ಕಿಂತ ಹಿಂದಿನ ಭಾಗ. ಕೊಬ್ಬು ಒಂದು ಅಂಚಿನಲ್ಲಿ ಪಟ್ಟಿಯಾಗಿ ಇರುತ್ತದೆ, ಒಳಗೆ ಮಾಂಸ ಸ್ವಚ್ಛ, ಸ್ವಲ್ಪ ಬಿಗಿ. ಜಗಿದಾಗ ಒಂದು ಹಿತವಾದ ಪ್ರತಿರೋಧ ಸಿಗುತ್ತದಲ್ಲ, ಅದು ಇದರ ಗುಣ. ಆ ಜಾಗದವರ ಮಾಂಸ ಮತ್ತು ಉರಿ ಹೇಗಿದೆ ಅಂತ ತಿಳಿಯಬೇಕಾದರೆ ನಾನು ಆರಿಸುವುದು ಸ್ಟ್ರಿಪ್. ರಿಬ್‌ಐನಲ್ಲಿ ಕೊಬ್ಬು ತಪ್ಪುಗಳನ್ನು ಮುಚ್ಚುತ್ತದೆ, ಇದರಲ್ಲಿ ಏನೂ ಮುಚ್ಚುವುದಿಲ್ಲ. ಹೆಸರಿನ ಗೊಂದಲ ಒಂದಿದೆ, ಗಮನಿಸಿ. ಬ್ರಿಟನ್ನಿನ ಮೆನುವಿನಲ್ಲಿ ಸರ್ಲಾಯಿನ್ ಅಂದರೆ ಈ ಸ್ಟ್ರಿಪ್. ಅಮೆರಿಕದ ಮೆನುವಿನಲ್ಲಿ ಸರ್ಲಾಯಿನ್ ಅಂದರೆ ಇನ್ನೂ ಹಿಂದಿನ, ಬ್ರಿಟನ್ನಿನವರು ರಂಪ್ ಅನ್ನುವ ಭಾಗ. ಬ್ಯೂನಸ್ ಐರಿಸಿನಲ್ಲಿ ಇದೇ ಸ್ಟ್ರಿಪ್ ಬೇಕಾದರೆ ಬೀಫೆ ದೆ ಚೊರೀಸೊ ಕೇಳಿ, ಚೊರೀಸೊ ಅಂದರೆ ಸಾಸೇಜ್ ಆದರೂ ಅದರಲ್ಲಿ ಸಾಸೇಜ್ ಇರುವುದಿಲ್ಲ. ರಿಬ್‌ಐಗೆ ಅಲ್ಲಿ ಓಹೊ ದೆ ಬೀಫೆ.

ಟಿ-ಬೋನ್ ಮತ್ತು ಪೋರ್ಟರ್‌ಹೌಸ್ ಎರಡರಲ್ಲೂ ಮೂಳೆಯ ಒಂದು ಕಡೆ ಸ್ಟ್ರಿಪ್, ಇನ್ನೊಂದು ಕಡೆ ಫಿಲೆ. ಫಿಲೆಯ ಭಾಗ ಅಗಲವಾಗಿದ್ದರೆ ಪೋರ್ಟರ್‌ಹೌಸ್. ಅಮೆರಿಕದ ನಿಯಮದಲ್ಲಿ ಅದು ಕನಿಷ್ಠ 1.25 ಇಂಚು ಇರಬೇಕು. ಇಬ್ಬರಲ್ಲಿ ಒಬ್ಬರು ಮೆತ್ತಗಿನ ಕಡೆ, ಒಬ್ಬರು ರುಚಿಯ ಕಡೆ ಇದ್ದರೆ ಜಗಳವೇ ಇಲ್ಲ, ಒಂದು ಪೋರ್ಟರ್‌ಹೌಸ್ ಹಂಚಿಕೊಳ್ಳಿ. ಬ್ರೂಕ್ಲಿನ್ನಿನಲ್ಲಿ 1887ರಿಂದ ಇರುವ ಪೀಟರ್ ಲೂಗರ್ ಹೆಸರು ಮಾಡಿದ್ದೇ ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ ಅಂತ ಬಡಿಸುವ ಈ ತುಂಡಿನಿಂದ. ಒಂದು ಕಷ್ಟ ಇದೆ. ಫಿಲೆ ಬೇಗ ಬೇಯುತ್ತದೆ, ಸ್ಟ್ರಿಪ್ ನಿಧಾನ. ಎರಡೂ ಹದವಾಗಿ ಬರಬೇಕಾದರೆ ಅಡುಗೆಯವರ ಕೈ ಪಳಗಿರಬೇಕು. ಹೊಸ ಜಾಗದಲ್ಲಿ, ಕೆಲಸ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗುವ ಮುಂಚೆ, ಇದಕ್ಕೆ ದೊಡ್ಡ ದುಡ್ಡು ಹಾಕಬೇಡಿ.

ಈಗ ನನಗೆ ಪ್ರೀತಿಯ ತುದಿ. ಹ್ಯಾಂಗರ್, ಸ್ಕರ್ಟ್, ಬವೆಟ್. ಹ್ಯಾಂಗರ್ ವಪೆಯ ಹತ್ತಿರ ನೇತಾಡುವ ಭಾಗ, ಒಂದು ದನಕ್ಕೆ ಒಂದೇ. ಪ್ಯಾರಿಸಿನ ಬಿಸ್ಟ್ರೊಗಳಲ್ಲಿ ಇದು ಓಂಗ್ಲೆ. ಸ್ಕರ್ಟ್ ವಪೆಯ ಸ್ನಾಯು, ಅರ್ಜೆಂಟೀನಾದಲ್ಲಿ ಎಂತ್ರಾನ್ಯಾ. ಬವೆಟ್ ಹೊಟ್ಟೆಯ ಕಡೆಯ ತುಂಡು. ರುಚಿಯಲ್ಲಿ ಇವುಗಳ ಮುಂದೆ ಫಿಲೆ ನಿಲ್ಲುವುದೇ ಇಲ್ಲ, ಬೆಲೆಯೋ ಫಿಲೆಗಿಂತ ಎಷ್ಟೋ ಕಡಿಮೆ. ನಾರು ಉದ್ದ, ದಪ್ಪ. ಹಾಗಾಗಿ ನಾರಿಗೆ ಅಡ್ಡಡ್ಡವಾಗಿ ತೆಳ್ಳಗೆ ಕತ್ತರಿಸಿ ತಿನ್ನಬೇಕು, ಉದ್ದಕ್ಕೆ ಕತ್ತರಿಸಿದರೆ ಹಗ್ಗ ಜಗಿದಂತೆಯೇ. ಒಳಗೆ ಕೆಂಪಗಿರುವಾಗಲೇ ಇಳಿಸಬೇಕು. ಇವುಗಳನ್ನು ಮೆನುವಿನಲ್ಲಿ ಇಟ್ಟು, ಕತ್ತರಿಸಿ ಬಡಿಸುವ ಜಾಗ ಕಂಡರೆ ನನಗೆ ಆ ಅಡುಗೆಮನೆಯ ಮೇಲೆ ನಂಬಿಕೆ ಹುಟ್ಟುತ್ತದೆ.

ತೂಕದ ವಿಷಯ. ಮೆನುವಿನಲ್ಲಿ ಬರೆದಿರುವುದು ಸಾಮಾನ್ಯವಾಗಿ ಹಸಿ ಮಾಂಸದ ತೂಕ. ಬೆಂದಾಗ ಸುಮಾರು ಕಾಲು ಭಾಗ ಇಳಿಯುತ್ತದೆ, ಜಾಸ್ತಿ ಬೇಯಿಸಿದರೆ ಇನ್ನೂ ಜಾಸ್ತಿ. ಮೂಳೆ ಇದ್ದರೆ ಅದನ್ನೂ ಕಳೆಯಿರಿ. ಆದರೂ ಮೂಳೆ ಇಲ್ಲದ 250ರಿಂದ 300 ಗ್ರಾಮ್ ಒಬ್ಬರಿಗೆ ಧಾರಾಳ. ಇನ್ನೊಂದು ಮಾತು, ತೆಳುವಾದ ಎರಡು ಸ್ಟೇಕಿಗಿಂತ ದಪ್ಪವಾದ ಒಂದನ್ನು ಹಂಚಿಕೊಳ್ಳುವುದು ಯಾವಾಗಲೂ ಒಳ್ಳೆಯದು. ತೆಳುವಾದದ್ದರಲ್ಲಿ ಹೊರಗೆ ಕಂದು ಪದರ ಕಟ್ಟುವಷ್ಟರಲ್ಲಿ ಒಳಗೂ ಬೆಂದು ಹೋಗಿರುತ್ತದೆ.

ಎಷ್ಟು ಬೇಯಿಸಿದ್ದು

ಇದರಲ್ಲಿ ಜನ ಧರ್ಮಯುದ್ಧ ಮಾಡುತ್ತಾರೆ, ಅದು ಬೇಡ. ರೇರ್ ಅಂದರೆ ನಡುಭಾಗ ಸುಮಾರು 50 ಡಿಗ್ರಿ ಸೆಲ್ಸಿಯಸ್, ಮೀಡಿಯಂ ರೇರ್ 55ರ ಆಸುಪಾಸು, ಮೀಡಿಯಂ 60 ದಾಟಿದ್ದು, ವೆಲ್ ಡನ್ 70ಕ್ಕಿಂತ ಮೇಲೆ. ತಟ್ಟೆಯಲ್ಲಿ ಇಳಿಯುವ ಕೆಂಪು ನೀರು ರಕ್ತ ಅಲ್ಲ, ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಬೆರೆತ ನೀರು. ಅದಕ್ಕೆ ಹೆದರಿ ಜಾಸ್ತಿ ಬೇಯಿಸುವ ಅಗತ್ಯ ಇಲ್ಲ.

ಆದರೆ ಎಲ್ಲ ತುಂಡಿಗೂ ಒಂದೇ ಹದ ಅನ್ನುವುದು ಸರಿಯಲ್ಲ. ಫಿಲೆಯನ್ನು ರೇರ್ ತಿನ್ನಬಹುದು, ಅದರಲ್ಲಿ ಕರಗಬೇಕಾದ ಕೊಬ್ಬೇ ಇಲ್ಲ. ರಿಬ್‌ಐಯನ್ನು ರೇರ್ ಕೇಳಿದರೆ ಆ ಕೊಬ್ಬಿನ ಗಂಟು ಮೇಣದ ಗಟ್ಟಿಯಾಗಿ ಹಾಗೇ ಉಳಿಯುತ್ತದೆ, ಮೀಡಿಯಂ ರೇರ್ ಅಥವಾ ಮೀಡಿಯಂ ಮಾಡಿಸಿ. ಸ್ಟ್ರಿಪ್ ಮೀಡಿಯಂ ರೇರ್. ಹ್ಯಾಂಗರ್, ಸ್ಕರ್ಟ್ ಮೀಡಿಯಂ ದಾಟಬಾರದು. ನಿಮಗೆ ಪೂರ್ತಿ ಬೆಂದದ್ದೇ ಇಷ್ಟವಾದರೆ ನಾಚಿಕೆ ಪಡಬೇಡಿ, ಊಟ ನಿಮ್ಮದು. ಆಗ ಕೊಬ್ಬು ಜಾಸ್ತಿ ಇರುವ ರಿಬ್‌ಐ ಆರಿಸಿ, ಆ ಕೊಬ್ಬು ಮಾಂಸ ಒಣಗದಂತೆ ಕಾಯುತ್ತದೆ. ಫಿಲೆ ವೆಲ್ ಡನ್ ಮಾಡಿಸಿದರೆ ನೀವು ಜಾಸ್ತಿ ದುಡ್ಡು ಕೊಟ್ಟ ಆ ಮೃದುತನವೇ ಹೋಗುತ್ತದೆ.

ಗರ್ಭಿಣಿಯರು, ತೀರಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಜೊತೆಗಿದ್ದರೆ ಅವರ ತಟ್ಟೆಗೆ ಚೆನ್ನಾಗಿ ಬೇಯಿಸಿದ್ದೇ ಬರಲಿ. ಇಡೀ ತುಂಡಿಗೆ ಅಮೆರಿಕದ ಕೃಷಿ ಇಲಾಖೆ ಹೇಳುವುದು 63 ಡಿಗ್ರಿ, ಆಮೇಲೆ 3 ನಿಮಿಷ ಬಿಡುವು. ಕೊಚ್ಚಿದ ಮಾಂಸಕ್ಕೆ 71. ಯಾಕೆ ಈ ವ್ಯತ್ಯಾಸ ಅಂದರೆ, ಇಡೀ ತುಂಡಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಮೇಲ್ಮೈಯಲ್ಲೇ ಇರುತ್ತವೆ, ಉರಿಗೆ ಸಾಯುತ್ತವೆ. ಕೊಚ್ಚಿದಾಗ ಮೇಲಿನದು ಒಳಗೆ ಬೆರೆಯುತ್ತದೆ. ಸೂಜಿಯಿಂದ ಚುಚ್ಚಿ ಮೆತ್ತಗೆ ಮಾಡಿದ ಮಾಂಸಕ್ಕೂ ಇದೇ ಅಪಾಯ ಇದೆ, ಅಗ್ಗದ ಜಾಗಗಳಲ್ಲಿ ಇದನ್ನು ಕೇಳಿ ತಿಳಿದುಕೊಳ್ಳಿ.

ಹದದ ಹೆಸರು ಒಂದೊಂದು ಕಡೆ ಒಂದೊಂದು ಥರ ನಡೆಯುತ್ತದೆ. ಹಾಗಾಗಿ ಹೆಸರಿನ ಜೊತೆ ಬಣ್ಣವನ್ನೂ ಹೇಳಿ. ನಡುವೆ ಕೆಂಪಗೆ ಬೆಚ್ಚಗೆ ಇರಲಿ ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ಕಾದ ತಟ್ಟೆಯಲ್ಲಿ ಚುರುಗುಟ್ಟುತ್ತಾ ಬರುವ ಜಾಗವಾದರೆ ಒಂದು ಹದ ಕಡಿಮೆ ಹೇಳಿ. ಅಮೆರಿಕದ ರೂಥ್ಸ್ ಕ್ರಿಸ್‌ನಲ್ಲಿ ತಟ್ಟೆಯನ್ನೇ ಸುಮಾರು 260 ಡಿಗ್ರಿಗೆ ಕಾಯಿಸಿ ತರುತ್ತಾರೆ, ಮೇಜಿಗೆ ಬಂದ ಮೇಲೂ ಮಾಂಸ ಬೇಯುತ್ತಲೇ ಇರುತ್ತದೆ. ಬಂದ ತಕ್ಷಣ ಅಂಚಿನಲ್ಲಿ ಅಲ್ಲ, ನಡುವೆ ಕತ್ತರಿಸಿ ನೋಡಿ. ಕಡಿಮೆ ಬೆಂದಿದ್ದರೆ ವಾಪಸ್ ಕಳಿಸಬಹುದು, ಸರಿಯಾಗುತ್ತದೆ. ಜಾಸ್ತಿ ಬೆಂದಿದ್ದರೆ ಬೇರೆಯದನ್ನೇ ಕೇಳಬೇಕು. ಅರ್ಧ ತಿಂದ ಮೇಲೆ ಹೇಳುವುದು ಅವರಿಗೆ ಅನ್ಯಾಯ.

ಜೊತೆಯವರು, ಹೊತ್ತು, ಬಿಲ್ಲು

ಬದಿಯ ತಿನಿಸುಗಳನ್ನು ತಲೆಗೊಂದು ಆರ್ಡರ್ ಮಾಡಬೇಡಿ. ಹಳೇ ಜಾಗಗಳಲ್ಲಿ ಒಂದು ಬಟ್ಟಲು ಇಬ್ಬರಿಗೆ, ಒಮ್ಮೊಮ್ಮೆ ಮೂವರಿಗೆ ಸಾಕು. ಒಂದು ಆಲೂಗಡ್ಡೆಯದು, ಒಂದು ಹಸಿರು, ಅಷ್ಟೇ. ಕ್ರೀಮ್ ಹಾಕಿದ ಪಾಲಕ್ ಚೆನ್ನ, ಆದರೆ ರಿಬ್‌ಐ ಜೊತೆ ಅದು ಕೊಬ್ಬಿನ ಮೇಲೆ ಕೊಬ್ಬು. ಅದಕ್ಕೆ ಹುಳಿ ಇರುವ ಏನಾದರೂ ಬೇಕು, ಟೊಮೆಟೊ ಈರುಳ್ಳಿ ಸಲಾಡೋ, ವಿನೆಗರ್ ಬೆಳ್ಳುಳ್ಳಿ ಪಾರ್ಸ್ಲಿಯ ಚಿಮಿಚುರಿಯೋ. ವೈನ್ ಕುಡಿಯುವವರು ಕೊಬ್ಬಿನ ತುಂಡಿಗೆ ಕಬರ್ನೆ ಅಥವಾ ಮಾಲ್ಬೆಕ್ ತೆಗೆದುಕೊಳ್ಳುವುದಕ್ಕೂ ಕಾರಣ ಇದೆ, ಅದರ ಒಗರು ಬಾಯಲ್ಲಿನ ಜಿಡ್ಡನ್ನು ಕಡಿಯುತ್ತದೆ. ಫಿಲೆಗೆ ಅಷ್ಟು ಒಗರು ಬೇಡ.

ಗುಂಪಿನಲ್ಲಿ ಮಾಂಸ ತಿನ್ನದವರು ಇದ್ದರೆ ಜಾಗ ಆರಿಸುವಾಗಲೇ ಯೋಚನೆ ಮಾಡಿ. ಮೆನುವಿನಲ್ಲಿ ಆಲೂಗಡ್ಡೆ ಇದೆಯಲ್ಲ ಅಂತ ಸುಮ್ಮನಾಗಬೇಡಿ. ಫ್ರೈಸ್ ಅನ್ನು ದನದ ಕೊಬ್ಬಿನಲ್ಲಿ ಕರಿಯುವ ಜಾಗಗಳಿವೆ, ಈರುಳ್ಳಿ ಸೂಪಿಗೆ ಮೂಳೆಯ ರಸ ಹಾಕುತ್ತಾರೆ, ಸೀಸರ್ ಸಲಾಡಿನ ಡ್ರೆಸಿಂಗ್‌ನಲ್ಲಿ ಆಂಕೊವಿ ಮೀನು ಇರುತ್ತದೆ. ಮುಂಚಿತವಾಗಿ ಫೋನ್ ಮಾಡಿದರೆ ಒಳ್ಳೆಯ ಜಾಗದವರು ಏನಾದರೂ ಸರಿಯಾದದ್ದು ಮಾಡಿಕೊಡುತ್ತಾರೆ. ಹಾಗೆ ಮಾಡಲು ಒಪ್ಪದ ಜಾಗಕ್ಕೆ ಅವರನ್ನು ಎಳೆದುಕೊಂಡು ಹೋಗುವುದು ಸರಿಯಲ್ಲ, ಅಲ್ವಾ? ಎರಡು ತಾಸು ಬ್ರೆಡ್ಡು ತಿನ್ನುತ್ತಾ ಕೂರುವುದು ಯಾರಿಗೂ ಬೇಡ.

ಮಧ್ಯಾಹ್ನವೋ ರಾತ್ರಿಯೋ? ಆ ಹಳೇ ಜಾಗದ ಮಾಂಸ ಹೇಗಿದೆ ಅಂತ ನೋಡುವುದಷ್ಟೇ ಉದ್ದೇಶವಾದರೆ ಮಧ್ಯಾಹ್ನ ಹೋಗಿ. ಎಷ್ಟೋ ಕಡೆ ಚಿಕ್ಕ ತುಂಡು, ಕಡಿಮೆ ಬೆಲೆ, ಅದೇ ಉರಿ, ಅದೇ ಮಾಂಸ. ನಗರದ ನಡುವಿನ ಜಾಗಗಳಿಗೆ ಮಧ್ಯಾಹ್ನ ಆಫೀಸಿನವರ ನೂಕು ಇರುತ್ತದೆ, ಅದು ಇಳಿದ ಮೇಲೆ ಹೋದರೆ ವೇಟರ್‌ಗೂ ಮಾತಾಡಲು ಬಿಡುವು ಸಿಗುತ್ತದೆ. ಸಂಜೆ ನಾಟಕ, ಸಂಗೀತ ಶುರುವಾಗುವ ಮುಂಚಿನ ಹೊತ್ತು ಅತಿ ಕೆಟ್ಟದ್ದು. ಎಲ್ಲರಿಗೂ ಒಂದೇ ಸಮಯಕ್ಕೆ ಊಟ ಮುಗಿಯಬೇಕು, ಮಾಂಸಕ್ಕೆ ವಿಶ್ರಾಂತಿ ಕೊಡುವ ಆ ಐದು ಹತ್ತು ನಿಮಿಷವನ್ನೇ ಅಡುಗೆಮನೆ ಕತ್ತರಿಸುತ್ತದೆ. ರಾತ್ರಿಯ ಊಟ ಆ ವಾತಾವರಣಕ್ಕಾಗಿ. ಸಂಭ್ರಮ ಇದ್ದರೆ ರಾತ್ರಿಯೇ ಹೋಗಿ, ಮೂಲೆಯ ಸೀಟು ಕೇಳಿ, ಜನ ಕಡಿಮೆಯಾದ ಮೇಲಿನ ಹೊತ್ತು ಕಾದಿರಿಸಿ.

ತೂಕದ ಮೇಲೆ ಮಾರುವ ಕಡೆ ಆರ್ಡರ್ ಕೊಡುವ ಮುಂಚೆ ತುಂಡನ್ನು ತೋರಿಸಿ, ತೂಗಿ ಅಂತ ಹೇಳಿ. ಬೆಲೆ 100 ಗ್ರಾಮಿಗೋ ಕಿಲೋಗೋ ಅಂತ ನೋಡಿಕೊಳ್ಳಿ. ಸೇವಾ ಶುಲ್ಕ ಬಿಲ್ಲಿನಲ್ಲೇ ಸೇರಿದೆಯೇ ಅಂತ ನೋಡಿ ಆಮೇಲೆ ಟಿಪ್ ಯೋಚನೆ ಮಾಡಿ. ಬಾಯಲ್ಲಿ ಮಾತ್ರ ಹೇಳುವ ವಿಶೇಷ ತುಂಡುಗಳ ಬೆಲೆಯನ್ನು ಕೇಳದೆ ಒಪ್ಪಬೇಡಿ, ಮೆನುವಿನಲ್ಲಿ ಇಲ್ಲದ್ದು ಸಾಮಾನ್ಯವಾಗಿ ಮೆನುವಿನಲ್ಲಿ ಇರುವುದಕ್ಕಿಂತ ದುಬಾರಿ.

ಉಳಿದರೆ ಕಟ್ಟಿಸಿಕೊಳ್ಳಿ, ಮೂಳೆ ಸಮೇತ. ಮಾರನೇ ದಿನ ಮೈಕ್ರೋವೇವಿನಲ್ಲಿ ಬಿಸಿ ಮಾಡಬೇಡಿ, ಮೀಡಿಯಂ ರೇರ್ ಇದ್ದದ್ದು ವೆಲ್ ಡನ್ ಆಗಿಬಿಡುತ್ತದೆ. ಫ್ರಿಜ್ಜಿನಿಂದ ತೆಗೆದು ತಣ್ಣಗಿರುವಾಗಲೇ ತೆಳ್ಳಗೆ ಹೆಚ್ಚಿ, ಸಾಸಿವೆ ಪೇಸ್ಟ್ ಸವರಿದ ಬ್ರೆಡ್ಡಿನ ನಡುವೆ ಇಟ್ಟು ತಿನ್ನಿ. ಮೂಳೆಯನ್ನು ಈರುಳ್ಳಿ ಜೊತೆ ನೀರಿನಲ್ಲಿ ನಿಧಾನವಾಗಿ ಕುದಿಸಿದರೆ ಒಂದು ಪಾತ್ರೆ ಸೂಪಿಗೆ ಆಗುತ್ತದೆ.